ಹಳೆಯ ಕಾರಿನ ವಯಸ್ಸನ್ನು ಕಸ್ಟಮ್ಸ್ ಒಪ್ಪುವ ಹಾಗೆ ತೋರಿಸುವುದು ಹೇಗೆ?

ಪ್ರಶ್ನೆ: ಹೊರದೇಶದಲ್ಲಿ ಮಾರಾಟಕ್ಕಿರುವ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಒಂದನ್ನು ಕೊಂಡು ಹಡಗಿನಲ್ಲಿ ತರಿಸಿಕೊಳ್ಳಬೇಕು ಅಂತಿದ್ದೇನೆ. ರಿಜಿಸ್ಟ್ರೇಷನ್ ಪೇಪರಿನಲ್ಲಿ 1968 ಅಂತ ಇದೆ. ಚಾಸಿಸ್ ನಂಬರ್ 118ರಿಂದ ಶುರುವಾಗುತ್ತದೆ. ಆದರೆ ಕಾರಿನ ಜೊತೆ ಬಂದ ಸರ್ವಿಸ್ ಪುಸ್ತಕದಲ್ಲಿ ಮೊದಲ ಸೀಲ್ 1967ರ ಡಿಸೆಂಬರ್‌ನದು. ಏನೋ ಮೋಸ ನಡೆದಿದೆಯಾ? ಕಸ್ಟಮ್ಸ್‌ನವರು ವಯಸ್ಸಿಗೆ ಪುರಾವೆ ಕೇಳಿದರೆ ಯಾವುದನ್ನು ತೋರಿಸಲಿ?

ಉತ್ತರ: ಗಾಬರಿ ಬೇಡ. ನೀವು ಹೇಳಿದ ಮೂರೂ ಸಂಗತಿ ಒಟ್ಟಿಗೆ ನಿಜ ಆಗಿರಬಹುದು. ಆಗಿನ ಕಾಲದಲ್ಲಿ ಫೋಕ್ಸ್‌ವ್ಯಾಗನ್‌ನವರ ಹೊಸ ಮಾಡೆಲ್ ವರ್ಷ ಜನವರಿಯಲ್ಲಿ ಶುರುವಾಗುತ್ತಿರಲಿಲ್ಲ. ಬೇಸಿಗೆ ರಜೆ ಮುಗಿಸಿ ಆಗಸ್ಟ್‌ನಲ್ಲಿ ಕಾರ್ಖಾನೆ ಬಾಗಿಲು ತೆಗೆದಾಗಲೇ ಅವರಿಗೆ ಮುಂದಿನ ವರ್ಷ. 1967ರ ಆಗಸ್ಟ್‌ನಲ್ಲಿ ತಯಾರಾದ ಕಾರು 1968ರ ಮಾಡೆಲ್ ಅಂತಲೇ ಹೊರಗೆ ಬಂದಿದೆ. ನಿಮ್ಮ ನಂಬರಿನ ಮೊದಲ ಎರಡು ಅಂಕಿ, ಅಂದರೆ 11, ಅದು ಬೀಟಲ್ ಸೆಡಾನ್ ಅಂತ ಹೇಳುತ್ತದೆ. ಮೂರನೆಯ ಅಂಕಿ 8 ಮಾಡೆಲ್ ವರ್ಷ. ಹಾಗಾಗಿ 1967ರ ಶರತ್ಕಾಲದಲ್ಲಿ ತಯಾರಾಗಿ, ಡಿಸೆಂಬರ್‌ನಲ್ಲಿ ಮೊದಲ ಸರ್ವಿಸ್ ಮಾಡಿಸಿಕೊಂಡ 118ರ ಕಾರು ಇರುವುದರಲ್ಲಿ ಆಶ್ಚರ್ಯ ಏನೂ ಇಲ್ಲ.

ಇದು ಬೀಟಲ್‌ಗೆ ಮಾತ್ರ ಇರುವ ತೊಡಕಲ್ಲ. ಫೋರ್ಡ್ ಮಸ್ಟಾಂಗ್ ತಯಾರಿಕೆ ಶುರುವಾಗಿದ್ದು 1964ರ ಮಾರ್ಚ್‌ನಲ್ಲಿ, ಜನರ ಮುಂದೆ ಬಂದದ್ದು ಏಪ್ರಿಲ್ 17ಕ್ಕೆ. ಆದರೆ ಆ ಮೊದಲ ಕಾರುಗಳ ನಂಬರ್ ಕೂಡ 5ರಿಂದಲೇ ಶುರು, ಅಂದರೆ 1965ರ ಮಾಡೆಲ್. ಪೇಪರಿನಲ್ಲಿ 1965, ಕಾರ್ಖಾನೆಯಿಂದ ಹೊರಬಿದ್ದದ್ದು 1964. ಎರಡೂ ಸರಿ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಕಾರಿಗೆ ತಯಾರಾದ ದಿನ ಬೇರೆ, ಮಾಡೆಲ್ ವರ್ಷ ಬೇರೆ, ಮೊದಲ ಸಲ ರಿಜಿಸ್ಟರ್ ಆದ ದಿನ ಬೇರೆ. ನಾಲ್ಕನೆಯದೂ ಒಂದಿದೆ: ಈಗ ಇರುವ ದೇಶದಲ್ಲಿ ಮೊದಲ ಸಲ ರಿಜಿಸ್ಟರ್ ಆದ ದಿನ. ಕಾರು ಈ ಮೊದಲೇ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿದ್ದರೆ, 1967ರ ಕಾರಿಗೆ ಪೇಪರಿನಲ್ಲಿ 1990 ಅಂತ ಬಂದಿರುವುದೂ ಉಂಟು. ಮಾರುವವರು ಇವೆಲ್ಲವನ್ನೂ ಸೇರಿಸಿ ಸುಮ್ನೆ 'ಇಂಥ ವರ್ಷದ ಕಾರು' ಅಂದುಬಿಡುತ್ತಾರೆ. ಕಸ್ಟಮ್ಸ್ ಮೇಜಿನ ಮೇಲೆ ಹಾಗೆ ನಡೆಯುವುದಿಲ್ಲ.

ಅಲ್ಲಿ ಯಾವ ದಿನ ಲೆಕ್ಕಕ್ಕೆ ಬರುತ್ತದೆ? ನೀವು ಕಾರು ಇಳಿಸುವ ದೇಶದ ಕಾನೂನಿನಲ್ಲಿ ಇರುವ ಪದ ಏನು ಅನ್ನುವುದರ ಮೇಲೆ ಅದು ನಿಂತಿದೆ. ಅಮೆರಿಕದಲ್ಲಿ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಬೇಕಾದರೆ ಕಾರಿಗೆ 25 ವರ್ಷ ತುಂಬಿರಬೇಕು, ಅದೂ ತಯಾರಾದ ದಿನದಿಂದ. ಹೊಗೆ ನಿಯಮಕ್ಕೆ ಅಲ್ಲಿ ಬೇರೆ ಲೆಕ್ಕ, 21 ವರ್ಷ, ಜೊತೆಗೆ ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಕೆನಡಾದಲ್ಲಿ 15 ವರ್ಷ ಸಾಕು. ಆಸ್ಟ್ರೇಲಿಯಾದಲ್ಲಿ 25. ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ 9705 ಅನ್ನುವ ಸುಂಕದ ಶೀರ್ಷಿಕೆಯಡಿ ಐತಿಹಾಸಿಕ ವಾಹನ ಅಂತ ಒಪ್ಪಿಸಬೇಕಾದರೆ ಕನಿಷ್ಠ 30 ವರ್ಷ ಆಗಿರಬೇಕು, ಆ ಮಾಡೆಲ್ ಈಗ ತಯಾರಾಗುತ್ತಿರಬಾರದು, ಚಾಸಿಸ್, ಸ್ಟೀರಿಂಗ್, ಬ್ರೇಕ್, ಎಂಜಿನ್ ಇವೆಲ್ಲ ದೊಡ್ಡ ಬದಲಾವಣೆ ಇಲ್ಲದೆ ಮೂಲದಂತೆ ಇರಬೇಕು. ಹಾಗಾಗಿ ವಯಸ್ಸು ಸಾಬೀತಾಯಿತು ಅಂದ ಮಾತ್ರಕ್ಕೆ ಎಲ್ಲ ಕಡೆ ಕೆಲಸ ಮುಗಿಯುವುದಿಲ್ಲ.

ತಿಂಗಳು ಎಷ್ಟು ಮುಖ್ಯ ಅನ್ನುವುದಕ್ಕೆ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಆರ್34 ಅನ್ನುವ ತಲೆಮಾರು ನೋಡಿ. ಅದರ ತಯಾರಿಕೆ ಶುರುವಾಗಿದ್ದು 1999ರ ಜನವರಿಯಲ್ಲಿ. ಅಮೆರಿಕಕ್ಕೆ ಮೊದಲ ಕಾರುಗಳು ಹೋಗಲು ದಾರಿ ತೆರೆದದ್ದು 2024ರ ಜನವರಿಯಲ್ಲಿ. 1999ರ ಅಕ್ಟೋಬರ್‌ನಲ್ಲಿ ತಯಾರಾದ ಅದೇ ಕಾರು 2024ರ ಅಕ್ಟೋಬರ್ ತನಕ ಕಾಯಲೇಬೇಕಿತ್ತು. ನಿಮ್ಮ ಬೀಟಲ್‌ಗೆ ಈ ಚಿಂತೆ ಇಲ್ಲ. 1967 ಆಗಲಿ 1968 ಆಗಲಿ, 25 ಮತ್ತು 30 ವರ್ಷದ ಗೆರೆಗಳನ್ನು ಅದು ಯಾವತ್ತೋ ದಾಟಿದೆ. ಆದರೂ ಪೇಪರಿನಲ್ಲಿ ಎರಡು ವರ್ಷ ಕಂಡರೆ ಅಧಿಕಾರಿಗೆ ಬರುವ ಅನುಮಾನ ವಯಸ್ಸಿನದ್ದಲ್ಲ. 'ಈ ಪೇಪರ್ ಈ ಕಾರಿನದ್ದೇನಾ?' ಅನ್ನುವುದು. ನನ್ನ ಉತ್ತರವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಒಂದು ಸುಲಭದ ದಾರಿ ಮೊದಲೇ ಹೇಳಿಬಿಡುತ್ತೇನೆ. ತಯಾರಾಗದ ಕಾರು ರಿಜಿಸ್ಟರ್ ಆಗುವುದಿಲ್ಲ. ಅಂದರೆ ಮೊದಲ ರಿಜಿಸ್ಟ್ರೇಷನ್ ತಾರೀಖು ಕಾರಿನ ಕನಿಷ್ಠ ವಯಸ್ಸನ್ನು ತೋರಿಸಿಯೇ ತೋರಿಸುತ್ತದೆ. ಆ ತಾರೀಖಿನಿಂದ ಎಣಿಸಿದರೂ ಕಾನೂನಿನ ಗೆರೆ ದಾಟುತ್ತದೆ ಅಂದರೆ, ಸರ್ಕಾರಿ ಮುದ್ರೆ ಇರುವ ಆ ಪೇಪರೇ ವಯಸ್ಸಿನ ಮಟ್ಟಿಗೆ ಬಹುತೇಕ ಸಾಕು. ಗೆರೆಯ ಹತ್ತಿರ ಇರುವ ಕಾರುಗಳಿಗೆ, ಅಥವಾ ರಿಜಿಸ್ಟ್ರೇಷನ್ ಪೇಪರೇ ಕಳೆದುಹೋದ ಕಾರುಗಳಿಗೆ, ಆಳವಾಗಿ ಹೋಗಬೇಕಾಗುತ್ತದೆ.

ಹಾಗೆ ಆಳಕ್ಕೆ ಹೋಗುವವರಿಗೆ ಸಿಗುವ ಅತಿ ಗಟ್ಟಿ ಪುರಾವೆ ಎಂದರೆ ತಯಾರಕರ ದಾಖಲೆಯಿಂದ ಬಂದ ಪತ್ರ. ನಿಮ್ಮ ಅದೃಷ್ಟಕ್ಕೆ ಬೀಟಲ್‌ಗೆ ಇದು ಸಿಗುತ್ತದೆ. ಜರ್ಮನಿಯ ವೂಲ್ಫ್ಸ್‌ಬರ್ಗ್‌ನಲ್ಲಿರುವ ಫೋಕ್ಸ್‌ವ್ಯಾಗನ್ ಆಟೋಮ್ಯೂಸಿಯಂ ಹಳೆಯ ಕಾರುಗಳಿಗೆ ಜನನ ಪತ್ರ ಕೊಡುತ್ತದೆ. ಚಾಸಿಸ್ ನಂಬರ್ ಕೊಟ್ಟರೆ ಕಾರು ಯಾವ ದಿನ ತಯಾರಾಯಿತು, ಯಾವ ಬಣ್ಣದಲ್ಲಿ ಹೊರಟಿತು, ಯಾವ ಊರು ಅಥವಾ ದೇಶಕ್ಕೆ ಹೋಯಿತು ಅನ್ನುವುದು ಅದರಲ್ಲಿ ಬರುತ್ತದೆ. ಈ ಬಣ್ಣದ ಸಾಲನ್ನು ಕಡೆಗಣಿಸಬೇಡಿ. ಪತ್ರದಲ್ಲಿ ಒಂದು ಬಣ್ಣ ಇದ್ದು, ಸ್ಟೆಪ್ನಿ ಹಿಂದೆ, ಡ್ಯಾಶ್‌ಬೋರ್ಡ್ ಅಡಿಯಲ್ಲಿ, ಬಾಗಿಲ ರಬ್ಬರ್ ಕೆಳಗೆ ಎಲ್ಲೂ ಆ ಬಣ್ಣದ ಸುಳಿವೇ ಇಲ್ಲ ಅಂದರೆ ಬಾಡಿ ಬದಲಾಗಿರಬಹುದು.

ಬೇರೆ ತಯಾರಕರಲ್ಲೂ ಇಂಥ ವ್ಯವಸ್ಥೆ ಇದೆ. ಎಂಜಿ, ಆಸ್ಟಿನ್, ಮಾರಿಸ್ ಮೊದಲಾದ ಬ್ರಿಟಿಷ್ ಕಾರುಗಳಿಗೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಜಾಗ್ವಾರ್‌ಗೆ ಅದರದೇ ಹೆರಿಟೇಜ್ ಟ್ರಸ್ಟ್ ಇದೆ. 1967ರಿಂದ ಈಚಿನ ಫೋರ್ಡ್ ಕಾರುಗಳಿಗೆ ಕಂಪನಿಯ ದಾಖಲೆಗಳನ್ನು ಇಟ್ಟುಕೊಂಡಿರುವ ಮಾರ್ಟಿ ಸಂಸ್ಥೆಯ ವರದಿ ಸಿಗುತ್ತದೆ.

ಆದರೆ ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಈ ಪತ್ರ ಹೇಳುವುದು ಇಷ್ಟೇ: 'ಈ ನಂಬರಿನ ಕಾರು ಇಂಥ ದಿನ ಕಾರ್ಖಾನೆ ಬಿಟ್ಟಿತು.' ನಿಮ್ಮ ಮುಂದೆ ನಿಂತಿರುವ ಲೋಹದ ಕಾರೇ ಅದು ಅಂತ ಯಾರೂ ಹೇಳಿಲ್ಲ. ದಾಖಲೆ ಇಟ್ಟವರು ನಿಮ್ಮ ಕಾರನ್ನು ನೋಡಿಯೂ ಇಲ್ಲ. ಪತ್ರಕ್ಕೂ ಕಾರಿಗೂ ಗಂಟು ಹಾಕುವುದು ಲೋಹದಲ್ಲಿ ಕುಟ್ಟಿರುವ ನಂಬರ್ ಒಂದೇ. ಆ ಗಂಟು ಬಿಗಿಯಾಗಿಲ್ಲದಿದ್ದರೆ ಎಷ್ಟು ಚಂದದ ಪತ್ರ ಇದ್ದರೂ ಅದರ ಬೆಲೆ ಕಡಿಮೆ.

ಬೀಟಲ್‌ನಲ್ಲಿ ಆ ನಂಬರ್ ಹಿಂದಿನ ಸೀಟಿನ ಕೆಳಗೆ, ನಡುವಿನ ಟನಲ್ ಮೇಲೆ, ಅಂದರೆ ಕಾರಿನ ನೆಲದ ನಡುವೆ ಉದ್ದಕ್ಕೆ ಉಬ್ಬಿರುವ ಭಾಗದ ಮೇಲೆ, ಕುಟ್ಟಿರುತ್ತದೆ. ಮುಂದಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಹಿಂಭಾಗದಲ್ಲಿ ಒಂದು ಪುಟ್ಟ ಫಲಕ ಇದ್ದು, ಅಲ್ಲೂ ಅದೇ ನಂಬರ್ ಇರಬೇಕು. ಮಾರುವವರಿಗೆ ಹೇಳಿ ಸೀಟು ತೆಗೆಸಿ. ಧೂಳನ್ನು ಬಟ್ಟೆಯಿಂದ ಒರೆಸಿ, ಟಾರ್ಚನ್ನು ನೇರ ಮೇಲಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಬೆಳಕು ಬೀಳುವ ಹಾಗೆ ಹಿಡಿದು ಫೋಟೋ ತೆಗೆಯಲು ಹೇಳಿ. ಓರೆ ಬೆಳಕಿನಲ್ಲಿ ಪ್ರತಿ ಅಂಕಿಯ ನೆರಳು ಕಾಣುತ್ತದೆ. ಅಂಕಿಗಳು ಒಂದೇ ಅಚ್ಚಿನವೇ, ಒಂದೇ ಆಳಕ್ಕೆ ಇಳಿದಿವೆಯೇ, ಸುತ್ತ ಎಲ್ಲಾದರೂ ಗ್ರೈಂಡರ್ ಉಜ್ಜಿದ ಗೆರೆ, ವೆಲ್ಡಿಂಗ್ ಉಬ್ಬು, ಅಷ್ಟೇ ಜಾಗದಲ್ಲಿ ಹೊಸ ಬಣ್ಣ ಇದೆಯೇ ಅಂತ ನೋಡಿ. ಅದಾದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಸಿ. ಫೋಟೋವನ್ನು ತಿದ್ದಿದ್ದಾರೆ ಅಂತ ಯಾರಾದರೂ ಅಂದರೂ ಅಚ್ಚು ನಿಮ್ಮ ಕೈಯಲ್ಲಿರುತ್ತದೆ. ಒಂದು ಫೋಟೋ ಹತ್ತಿರದಿಂದ, ಇನ್ನೊಂದು ಸ್ವಲ್ಪ ದೂರದಿಂದ, ಅದೇ ಚಿತ್ರದಲ್ಲಿ ಕಾರಿನ ಒಳಭಾಗವೂ ಕಾಣುವ ಹಾಗೆ. ಬರೀ ನಂಬರಿನ ಫೋಟೋ ಯಾವ ಕಾರಿನದ್ದು ಅಂತ ಯಾರಿಗೆ ಗೊತ್ತಾಗುತ್ತದೆ, ಅಲ್ವಾ?

ಬೀಟಲ್‌ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಜರ್ಮನಿಯಲ್ಲಿ ಸೆಡಾನ್ ಬೀಟಲ್ ತಯಾರಿಕೆ 1978ರ ಜನವರಿಯಲ್ಲಿ ನಿಂತಿತು. ಮೆಕ್ಸಿಕೋದಲ್ಲಿ ಅದು 2003ರ ಜುಲೈ ತನಕ ನಡೆಯಿತು. ನೋಡಲು ಹೆಚ್ಚು ಕಡಿಮೆ ಒಂದೇ ತರಹದ ಕಾರು. ಹಾಗಾಗಿ 1990ರ ದಶಕದ ಮೆಕ್ಸಿಕೋ ಬಾಡಿಯನ್ನು 1960ರ ದಶಕದ ಚಾಸಿಸ್ ಮೇಲೆ ಕೂರಿಸಿ, ಹಳೆಯ ಪೇಪರ್ ಜೊತೆ 'ಹಳೆಯ ಕಾರು' ಅಂತ ಮಾರಿದ್ದಿದೆ. ಚಾಸಿಸ್ ನಂಬರ್ ಅಸಲಿ, ಪೇಪರ್ ಅಸಲಿ, ಜನನ ಪತ್ರ ಕೇಳಿದರೂ ಅಸಲಿಯೇ ಬರುತ್ತದೆ. ಮೇಲಿರುವ ಬಾಡಿ ಮಾತ್ರ ಮೂವತ್ತು ವರ್ಷ ಹೊಸದು. ಇದನ್ನು ಪತ್ತೆ ಹಚ್ಚಲು ಕಾರಿನ ಬಿಡಿಭಾಗಗಳನ್ನೇ ಓದಬೇಕು.

ಈ ಕೆಲಸ ನನಗೆ ತುಂಬಾ ಇಷ್ಟ. ಹಳೆಯ ಕಾರಿನ ಮೈಮೇಲೆ ಎಲ್ಲ ಕಡೆ ತಾರೀಖು ಇರುತ್ತದೆ. ಬೀಟಲ್‌ನ ಉಕ್ಕಿನ ಚಕ್ರದ ಮಣ್ಣು ತೊಳೆದರೆ ತಿಂಗಳು, ವರ್ಷ ಕುಟ್ಟಿರುವುದು ಕಾಣುತ್ತದೆ. ವಿಡಿಒ ಕಂಪನಿಯ ಸ್ಪೀಡೋಮೀಟರ್‌ನಲ್ಲೂ ತಯಾರಾದ ತಿಂಗಳಿನ ಗುರುತು ಸಿಗುತ್ತದೆ. ಸೀಟ್ ಬೆಲ್ಟಿಗೆ ಹೊಲಿದ ಚೀಟಿ, ಗಾಜಿನ ಮೂಲೆಯ ಸಣ್ಣ ಅಕ್ಷರಗಳು, ಪ್ಲಾಸ್ಟಿಕ್ ಭಾಗಗಳ ಒಳಮೈಯಲ್ಲಿ ಬಾಣದ ಗುರುತಿರುವ ಪುಟ್ಟ ಚಕ್ರ, ಇವೆಲ್ಲ ಮಾತಾಡುತ್ತವೆ. ಅಮೆರಿಕದ ಕಾರುಗಳಲ್ಲಿ ಎಂಜಿನ್ ಬ್ಲಾಕ್‌ನ ಎರಕದಲ್ಲೇ ತಾರೀಖು ಇರುತ್ತದೆ. ಜನರಲ್ ಮೋಟರ್ಸ್‌ನ ಎಂಜಿನ್‌ನಲ್ಲಿ 'ಸಿ 14 8' ಅಂತ ಇದ್ದರೆ ಸಿ ಅಂದರೆ ಮಾರ್ಚ್, 14 ದಿನ, 8 ವರ್ಷದ ಕೊನೆಯ ಅಂಕಿ. ಅದು 1968ಓ 1978ಓ ಅನ್ನುವುದನ್ನು ಎಂಜಿನ್ ಮಾಡೆಲ್ ನೋಡಿ ನೀವೇ ತೀರ್ಮಾನಿಸಬೇಕು.

ಇವನ್ನು ಓದುವಾಗ ಒಂದು ತರ್ಕ ಮರೆಯಬೇಡಿ. ಭಾಗ ಮೊದಲು ತಯಾರಾಗುತ್ತದೆ, ಕಾರು ಆಮೇಲೆ. ಹಾಗಾಗಿ ಭಾಗಗಳ ತಾರೀಖು ಕಾರಿನ ತಾರೀಖಿಗಿಂತ ಕೆಲವು ವಾರ ಅಥವಾ ಒಂದೆರಡು ತಿಂಗಳು ಹಿಂದಿರಬೇಕು. ಜನನ ಪತ್ರದಲ್ಲಿ 1967ರ ಅಕ್ಟೋಬರ್ ಅಂತಿದ್ದು, ಚಕ್ರಗಳು ಆಗಸ್ಟ್, ಸ್ಪೀಡೋಮೀಟರ್ ಸೆಪ್ಟೆಂಬರ್ ಅಂದರೆ ಕಥೆ ಕೂಡುತ್ತದೆ. ಒಂದು ಚಕ್ರ 1972ರದ್ದಾದರೆ ತಲೆ ಕೆಡಿಸಿಕೊಳ್ಳಬೇಡಿ, ಯಾರೋ ಬದಲಿಸಿದ್ದಾರೆ. ಆದರೆ ಗಾಜು, ಬೆಲ್ಟು, ಪ್ಲಾಸ್ಟಿಕ್, ವೈರಿಂಗ್ ಎಲ್ಲವೂ 1990ರ ದಶಕವನ್ನೇ ತೋರಿಸಿದರೆ ಆ ಕಾರಿನಿಂದ ದೂರ ಇರಿ.

ಇನ್ನೂ ಒಂದು ಸುಲಭದ ಗುರುತು. 1967ರ ಆಗಸ್ಟ್‌ನಿಂದ ಯುರೋಪಿನ ಬೀಟಲ್‌ಗಳಿಗೆ ನೆಟ್ಟಗೆ ನಿಂತ ಹೆಡ್‌ಲ್ಯಾಂಪ್ ಬಂತು, ಬಂಪರ್ ದಪ್ಪಗಾಯಿತು, ಪೆಟ್ರೋಲ್ ಹಾಕಲು ಹೊರಗಡೆಯೇ ಮುಚ್ಚಳ ಬಂತು. 118ರ ಯುರೋಪ್ ಕಾರಿನಲ್ಲಿ ಹಿಂದಕ್ಕೆ ವಾಲಿದ ಹಳೆಯ ಹೆಡ್‌ಲ್ಯಾಂಪ್ ಇದ್ದರೆ, ಮುಂದಿನ ಮಡ್‌ಗಾರ್ಡ್‌ಗಳು ಯಾಕೆ ಬದಲಾದವು ಅಂತ ಕೇಳಿ.

ಈ ಬಿಡಿಭಾಗದ ಓದು ಬೆಂಬಲದ ಪುರಾವೆ ಮಾತ್ರ. ಚಕ್ರದ ಫೋಟೋ ಒಂದನ್ನೇ ಹಿಡಿದುಕೊಂಡು ಕಸ್ಟಮ್ಸ್ ಮುಂದೆ ನಿಲ್ಲುವುದು ಸರಿಯಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಈ ವಿಷಯದಲ್ಲಿ ಇಟ್ಟಿರುವ ಕ್ರಮ ಚೆನ್ನಾಗಿದೆ, ಯಾವ ದೇಶದವರಾದರೂ ಅದನ್ನು ಮಾದರಿ ಮಾಡಿಕೊಳ್ಳಬಹುದು. ಕಾರಿನ ಮೇಲೆ ತಯಾರಕರೇ ಅಂಟಿಸಿದ ತಾರೀಖಿನ ಚೀಟಿ ಇದ್ದರೆ ಅದು. ಇಲ್ಲದಿದ್ದರೆ ಕಾರು ಮೊದಲು ಮಾರಾಟವಾದ ಬಿಲ್ಲು, ಅಥವಾ ಅಷ್ಟು ವರ್ಷ ಹಿಂದೆಯೇ ರಿಜಿಸ್ಟರ್ ಆಗಿತ್ತು ಅನ್ನುವ ಪೇಪರು. ಅದೂ ಇಲ್ಲದಿದ್ದರೆ ಮಾನ್ಯತೆ ಇರುವ ಹಳೆಯ ವಾಹನಗಳ ಇತಿಹಾಸ ಸಂಘದ ಹೇಳಿಕೆ. ಎಲ್ಲೂ 'ಮಾರಿದವರು ಹೇಳಿದರು' ಅನ್ನುವುದಕ್ಕೆ ಜಾಗ ಇಲ್ಲ. ಮಾರಾಟದಿಂದ ಲಾಭ ಇಲ್ಲದವರು ಬರೆದ ಪೇಪರಿಗೇ ಬೆಲೆ.

ಸಂಘಗಳ ಮಾತು ಬಂತು ಅಂತ ಹೇಳುತ್ತೇನೆ. ಅವುಗಳನ್ನು ಹಗುರವಾಗಿ ಕಾಣಬೇಡಿ. ತಯಾರಕರೇ ಮುಚ್ಚಿಹೋಗಿ, ದಾಖಲೆಗಳು ಯುದ್ಧದಲ್ಲೋ ಬೆಂಕಿಯಲ್ಲೋ ಹಾಳಾಗಿರುವ ಕಾರುಗಳಿಗೆ ಇವರೇ ಗತಿ. ಬ್ರಿಟನ್ನಿನ ವೆಟರನ್ ಕಾರ್ ಕ್ಲಬ್ 1919ಕ್ಕಿಂತ ಹಿಂದಿನ ಕಾರುಗಳನ್ನು ಒಂದೊಂದಾಗಿ ಪರೀಕ್ಷಿಸಿ ಕಾಲ ನಿರ್ಧರಿಸುತ್ತದೆ. 1905ರ ಜನವರಿ 1ಕ್ಕಿಂತ ಮುಂಚಿನ ಕಾರುಗಳಿಗೇ ಮೀಸಲಾದ ಲಂಡನ್-ಬ್ರೈಟನ್ ಓಟಕ್ಕೆ ಆ ನಿರ್ಧಾರ ದೊಡ್ಡದು. ಬ್ರಿಟನ್ನಿನಲ್ಲಿ ಹೊರಗಿನಿಂದ ಬಂದ ಹಳೆಯ ಕಾರನ್ನು ರಿಜಿಸ್ಟರ್ ಮಾಡುವಾಗ ಮಾಲೀಕರ ಕ್ಲಬ್ ಬರೆದುಕೊಟ್ಟ ಕಾಲನಿರ್ಣಯದ ಪತ್ರವನ್ನು ಪುರಾವೆಯಾಗಿ ಒಪ್ಪುತ್ತಾರೆ. ವಯಸ್ಸು ಯಾವ ರೀತಿಯಲ್ಲೂ ಸಾಬೀತಾಗದ ಕಾರಿಗೆ ಅಲ್ಲಿ 'ಕ್ಯೂ' ಅಕ್ಷರದ ನಂಬರ್ ಪ್ಲೇಟ್ ಕೊಡುತ್ತಾರೆ. ಅದು ಬಿದ್ದ ಕಾರಿನ ಬೆಲೆ ಇಳಿಯುತ್ತದೆ.

17 ಅಕ್ಷರಗಳ ವಿಐಎನ್, ಅಂದರೆ ಈಚಿನ ಕಾರುಗಳ ಗುರುತಿನ ನಂಬರ್, ಅದರ ಬಗ್ಗೆಯೂ ಒಂದು ಮಾತು, ಮುಂದೆ ಬೇರೆ ಕಾರು ನೋಡುವಾಗ ಬೇಕಾಗುತ್ತದೆ. ಅದು ಅಮೆರಿಕದಲ್ಲಿ ಕಡ್ಡಾಯವಾಗಿದ್ದು 1981ರ ಮಾಡೆಲ್‌ನಿಂದ. ಹತ್ತನೆಯ ಅಕ್ಷರ ಮಾಡೆಲ್ ವರ್ಷ: ಬಿ ಅಂದರೆ 1981, ಎಕ್ಸ್ ಅಂದರೆ 1999. ಅದು ಮಾಡೆಲ್ ವರ್ಷವೇ ಹೊರತು ತಯಾರಾದ ತಿಂಗಳಲ್ಲ. ಯುರೋಪಿನ ಮಾರುಕಟ್ಟೆಗೆ ಮಾಡಿದ ಎಷ್ಟೋ ಕಾರುಗಳಲ್ಲಿ ಆ ಜಾಗದಲ್ಲಿ ವರ್ಷವೇ ಇರುವುದಿಲ್ಲ. ಜಪಾನಿನ ಒಳಮಾರುಕಟ್ಟೆಯ ಕಾರುಗಳಲ್ಲಂತೂ 17 ಅಕ್ಷರಗಳೇ ಇಲ್ಲ, ಮಾಡೆಲ್ ಗುರುತು ಮತ್ತು ಸರಣಿ ನಂಬರ್ ಅಷ್ಟೇ. ಜಪಾನಿನ ರಫ್ತು ಪತ್ರದಲ್ಲಿ ಸಿಗುವುದು ಮೊದಲ ರಿಜಿಸ್ಟ್ರೇಷನ್ ತಿಂಗಳು. ಇಂಟರ್ನೆಟ್ಟಿನಲ್ಲಿ ವಿಐಎನ್ ಹಾಕಿದರೆ ವರ್ಷ ಹೇಳುವ ಪುಟಗಳನ್ನು ಹಳೆಯ ಕಾರಿಗೆ ನಂಬಲೇಬೇಡಿ.

ತಾರೀಖು ಬರೆಯುವ ಕ್ರಮದಲ್ಲೂ ಎಚ್ಚರ ಇರಲಿ. 3/8/1967 ಅಂದರೆ ಜರ್ಮನಿಯಲ್ಲಿ ಆಗಸ್ಟ್ 3, ಅಮೆರಿಕದಲ್ಲಿ ಮಾರ್ಚ್ 8. ಜಪಾನಿನವರು ಚಕ್ರವರ್ತಿಯ ಆಳ್ವಿಕೆಯಿಂದ ವರ್ಷ ಎಣಿಸುತ್ತಾರೆ, ಅವರ ಪೇಪರಿನಲ್ಲಿ ಶೋವಾ 42 ಅಂತಿದ್ದರೆ ಅದು 1967. ಥಾಯ್ಲೆಂಡಿನ ಬೌದ್ಧ ಪಂಚಾಂಗದ 2510 ಕೂಡ 1967ವೇ. ಅನುವಾದ ಮಾಡಿಸುವಾಗ ತಿಂಗಳನ್ನು ಅಂಕಿಯಲ್ಲಿ ಬರೆಸಬೇಡಿ, ಅಕ್ಷರದಲ್ಲಿ ಬರೆಸಿ. ಮೂಲ ಪೇಪರನ್ನು ಅನುವಾದದ ಜೊತೆಗೇ ಇಡಿ.

ಅನುಮಾನ ಬಂದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಘಟನೆ ಸಾಕು. 2014ರಲ್ಲಿ ಅಮೆರಿಕದ ಅಧಿಕಾರಿಗಳು ಸುಮಾರು 40 ಲ್ಯಾಂಡ್ ರೋವರ್ ಡಿಫೆಂಡರ್‌ಗಳನ್ನು ಮಾಲೀಕರ ಮನೆಬಾಗಿಲಿಂದಲೇ ವಶಕ್ಕೆ ತೆಗೆದುಕೊಂಡರು. 25 ವರ್ಷದ ನಿಯಮಕ್ಕೆ ಸರಿಹೊಂದುವುದಿಲ್ಲ ಅನ್ನುವುದು ಅವರ ಆಕ್ಷೇಪ. ವಕೀಲರನ್ನು ಹಿಡಿದು ಹೋರಾಡಿದ ಮೇಲೆ ಹಲವರಿಗೆ ಗಾಡಿ ವಾಪಸ್ ಸಿಕ್ಕಿತು. ಆದರೆ ನೋಡಿ, ಆ ಗಾಡಿಗಳು ಬಂದರು ದಾಟಿ ಬಂದು, ರಿಜಿಸ್ಟರ್ ಆಗಿ ಓಡಾಡುತ್ತಿದ್ದವು. ಬಂದರಿನಲ್ಲಿ ಬಿಟ್ಟರು ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಪುರಾವೆಗಳ ಫೈಲನ್ನು ಕಾರು ಇರುವಷ್ಟು ದಿನ ಜೋಪಾನ ಮಾಡಿ.

ಈಗ ನಿಮ್ಮ ಕೆಲಸದ ಕ್ರಮ. ಇನ್ನೂ ಪೂರ್ತಿ ದುಡ್ಡು ಕೊಟ್ಟಿಲ್ಲ ಅಂದುಕೊಳ್ಳುತ್ತೇನೆ. ಟನಲ್ ಮೇಲಿನ ನಂಬರ್ ಮತ್ತು ಡಿಕ್ಕಿಯ ಫಲಕದ ಫೋಟೋ ಇವತ್ತೇ ಕೇಳಿ. ಕೊಡಲು ಸಬೂಬು ಹೇಳಿದರೆ ಅದೇ ಉತ್ತರ. ಕೊಟ್ಟರೆ, ಆ ನಂಬರ್ ಇಟ್ಟುಕೊಂಡು ವೂಲ್ಫ್ಸ್‌ಬರ್ಗ್‌ಗೆ ಜನನ ಪತ್ರಕ್ಕೆ ಬರೆಯಿರಿ. ಬರಲು ವಾರಗಟ್ಟಲೆ ಆಗಬಹುದು, ಆದ್ದರಿಂದ ಹಡಗು ಬುಕ್ ಮಾಡುವ ಮೊದಲೇ ಕಳಿಸಿ. ಈ ನಡುವೆ ಆ ಊರಿನ ಬೀಟಲ್ ಕ್ಲಬ್ಬಿನವರನ್ನೋ ಸ್ವತಂತ್ರ ವಾಹನ ತಪಾಸಕರನ್ನೋ ಕಾರಿನ ಹತ್ತಿರ ಕಳಿಸಿ, ನಂಬರ್ ಕಣ್ಣಾರೆ ಕಂಡೆ ಅಂತ ಸಹಿ ಹಾಕಿದ ವರದಿ ತರಿಸಿ. ಆ ಪತ್ರ, ಈ ವರದಿ, ರಿಜಿಸ್ಟ್ರೇಷನ್ ಪೇಪರು, ಸರ್ವಿಸ್ ಪುಸ್ತಕದ ಪ್ರತಿ ನಾಲ್ಕರಲ್ಲೂ ಅದೇ ಚಾಸಿಸ್ ನಂಬರ್ ಒಂದಂಕಿಯೂ ತಪ್ಪದೆ ಇರಬೇಕು. ಜೊತೆಗೆ ಅರ್ಧ ಪುಟದ ವಿವರಣೆ ನೀವೇ ಬರೆದಿಡಿ: ತಯಾರಾದ ದಿನ ಇದು, ಪೇಪರಿನ 1968 ಮಾಡೆಲ್ ವರ್ಷ, ಮೂರನೆಯ ಅಂಕಿ 8 ಅದನ್ನೇ ಹೇಳುತ್ತದೆ ಅಂತ. ಅಧಿಕಾರಿ ಬೀಟಲ್ ತಜ್ಞರಲ್ಲ. ಎರಡು ವರ್ಷ ಯಾಕೆ ಕಾಣುತ್ತಿವೆ ಅಂತ ಅವರು ಕೇಳುವ ಮೊದಲೇ ಉತ್ತರ ಅವರ ಕೈಯಲ್ಲಿರಲಿ. ಸುಂಕದ ಅರ್ಜಿಯಲ್ಲಿ ವರ್ಷದ ಕಾಲಂ ತುಂಬುವಾಗ ಅವರು ಕೇಳಿದ್ದು ತಯಾರಿಕೆ ವರ್ಷವೋ ಮಾಡೆಲ್ ವರ್ಷವೋ ಅಂತ ನಿಮ್ಮ ಏಜೆಂಟರ ಹತ್ತಿರ ಬರವಣಿಗೆಯಲ್ಲಿ ಕೇಳಿಕೊಂಡು ತುಂಬಿ.

ಕಾರು ಬಂದ ಮೇಲೆ ರಿಪೇರಿಗೆ ಬಿಡುತ್ತೀರಿ. ಆಗ ಗ್ಯಾರೇಜಿನವರಿಗೆ ಟನಲ್ ಮೇಲಿನ ನಂಬರಿನ ಸುತ್ತ ಗ್ರೈಂಡರ್ ಹಚ್ಚಬೇಡಿ, ಡಿಕ್ಕಿಯ ಫಲಕ ಬಿಚ್ಚಬೇಡಿ ಅಂತ ಮೊದಲೇ ಹೇಳಿ. ತುಕ್ಕು ಹಿಡಿದಿದ್ದರೆ ಮೆದು ಬ್ರಷ್ ಸಾಕು. ಅಂತರ್ಜಾಲದಲ್ಲಿ ಮಾರುವ ಹೊಸ ಫಲಕ ತಂದು ಹೊಳೆಯುವ ಹಾಗೆ ಹಾಕುವ ಆಸೆಯನ್ನೂ ಬಿಡಿ. ಮಾಸಿದ ಹಳೆಯ ಫಲಕವೇ ನಿಮ್ಮ ಪುರಾವೆ.